ದೇವರಿಗೆ ಬೆನ್ನು ತೋರಿಸದ ಗಾಡಿ

ಗುಡ್ಡ ಹತ್ತುವ ವಿಷಯದಲ್ಲಿ ಯಾರಿಗೆ ಏನು ಸಂಶಯವಿದ್ದರೂ ನನ್ನನ್ನು ಕೇಳಬೇಕು ಎಂದು ಬನಹಟ್ಟಿಯ ಚಹಾದ ಅಂಗಡಿಯಲ್ಲಿ ಕುಳಿತು ನಾನು ಸಾರಿಬಿಟ್ಟಿದ್ದೆ. ಆಗ ನಾನು ಒಂದು ಗುಡ್ಡವನ್ನೂ ಹತ್ತಿರಲಿಲ್ಲ. ಆದರೆ ಗಾಡಿ ತಂದಿದ್ದೆ!

ಅಂಥಿಂಥ ಗಾಡಿಯಲ್ಲ. ಹೈಬ್ರಿಡ್. ಅದೂ ಫೋರ್ ವೀಲ್ ಡ್ರೈವ್ ಪಿಕಪ್. ನನ್ನದು ಮಗ್ಗದ ಸೀರೆಗಳ ಗಂಟನ್ನು ಜಮಖಂಡಿಗೆ, ಮುಧೋಳಕ್ಕೆ ಒಯ್ದು ಅಂಗಡಿಗಳಿಗೆ ಮುಟ್ಟಿಸುವ ಕೆಲಸ. ಹಳೆಯ ಟೆಂಪೋ ನಿಂತಲ್ಲೇ ನಿಂತು ಹೋದ ಮೇಲೆ ಹೊಸದನ್ನು ನೋಡಲು ಹೋದೆ. ಷೋರೂಮಿನ ಹುಡುಗ ಟೈ ಸರಿಪಡಿಸಿಕೊಂಡು, "ಸರ್, ಇದರಲ್ಲಿ ಇಂಜಿನ್ನೂ ಇದೆ, ಬ್ಯಾಟರಿಯೂ ಇದೆ, ನಾಲ್ಕೂ ಗಾಲಿ ತಿರುಗುತ್ತವೆ, ಗೋಡೆ ಬೇಕಾದರೂ ಹತ್ತುತ್ತದೆ" ಎಂದ. ಗೋಡೆಯನ್ನು ಯಾವ ಕಡೆ ಮುಖ ಮಾಡಿ ಹತ್ತುತ್ತದೆ ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಾನು ಮೀಸೆ ಅರ್ಧ ಬೆಳ್ಳಗಾದ ಮೇಲೆ ಹತ್ತನೆಯ ತರಗತಿ ಪಾಸಾದವನು. ತಡವಾಗಿ ಕಲಿತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಕಲಿತದ್ದನ್ನೆಲ್ಲ ತಕ್ಷಣ ಇನ್ನೊಬ್ಬರಿಗೆ ಕಲಿಸದಿದ್ದರೆ ಹೊಟ್ಟೆ ಉಬ್ಬುತ್ತದೆ. ಗಾಡಿ ಮನೆಗೆ ಬಂದ ದಿನ ಹೆಂಡತಿ ಕಸ್ತೂರಿಯನ್ನು ನಿಲ್ಲಿಸಿಕೊಂಡು ನಾಲ್ಕೂ ಗಾಲಿಗಳ ಮಹಿಮೆ ವಿವರಿಸಿದೆ. ಅವಳು ಆರತಿ ತಟ್ಟೆ ಹಿಡಿದುಕೊಂಡೇ ಪೂರ್ತಿ ಕೇಳಿದಳು.

"ಎಲ್ಲಾ ಖರೆ. ಸೀರಿ ಗಂಟ ಒಯ್ಯಾಕ ನಾಕೂ ಗಾಲಿ ಯಾಕ ತಿರಗಬೇಕ್ರಿ? ಸೀರಿ ಏನ ಗುಡ್ಡದ ಮ್ಯಾಲ ಉಡ್ತಾರ?"

ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ನಾನು ಗುಡ್ಡ ಹುಡುಕಲು ಶುರು ಮಾಡಿದೆ. ಗುಡ್ಡ ನನ್ನ ಮಾವನ ಊರಿನಲ್ಲಿ ಸಿಕ್ಕಿತು.

ಮಾವನ ಊರು ಬೀಳಗಿ ತಾಲೂಕಿನಲ್ಲಿ, ಗಲಗಲಿಯಿಂದ ಸ್ವಲ್ಪ ಒಳಗೆ. ಮಾವ ಸಿದ್ದಪ್ಪ ಪೂಜಾರಿ ಅಲ್ಲಿನ ಬೀರಪ್ಪ ದೇವರ ಪೂಜೆ ಮಾಡುವವರು. ಊರ ಹಿಂದೆ ಗುಡ್ಡ, ಗುಡ್ಡದ ಮೇಲೆ ಬೀರಪ್ಪನ ಅಕ್ಕ ಮಾಯವ್ವನ ಗುಡಿ. ವರ್ಷಕ್ಕೊಮ್ಮೆ ಬೀರಪ್ಪ ಪಲ್ಲಕ್ಕಿಯಲ್ಲಿ ಕುಳಿತು ಅಕ್ಕನ ಮನೆಗೆ ಊಟಕ್ಕೆ ಹೋಗುತ್ತಾನೆ. ಹೊತ್ತು ಮುಳುಗಿ ದೀಪ ಹಚ್ಚುವುದರೊಳಗೆ ಮುಟ್ಟಬೇಕು. ದೀಪ ಹಚ್ಚಿದ ಮೇಲೆ ಹೋದರೆ ಅಕ್ಕ ಬಡಿಸುವುದಿಲ್ಲ. ತಮ್ಮ ಹಸಿದುಕೊಂಡು ಮುಂದಿನ ವರ್ಷದ ತನಕ ಕಾಯಬೇಕು. ಪಲ್ಲಕ್ಕಿ ಹೊರಲು ಹುಡುಗರು ಬೇಕಾದಷ್ಟು ಇದ್ದಾರೆ. ಆದರೆ ಪೂಜಾರಿ ಭಂಡಾರದ ಅರಿಸಿನದ ಚೀಲ ಹಿಡಿದು ಜೊತೆಗೆ ಇರಲೇಬೇಕು. ದೇವರು ಒಂದು ಕಡೆ, ಪೂಜಾರಿ ಒಂದು ಕಡೆ ಹೋಗುವ ಪದ್ಧತಿ ಇಲ್ಲ.

ಆ ವರ್ಷ ಮಾವನ ಮೊಣಕಾಲು ಕೈ ಕೊಟ್ಟಿತ್ತು. ಗುಡ್ಡ ಹತ್ತುವ ಹೆಸರೇ ಎತ್ತಬೇಡಿ ಎಂದು ಡಾಕ್ಟರರು ಹೇಳಿದ್ದರು. ಮಾವ ಕಟ್ಟೆಯ ಮೇಲೆ ಕುಳಿತು ಗುಡ್ಡವನ್ನೇ ನೋಡುತ್ತಿದ್ದರು.

"ಈ ಸಲ ಅಣ್ಣನ ಮಗ ಹೋಗ್ಲಿ ಬಿಡ್ರಿ. ನಾ ಇಲ್ಲಿಂದನ ಕೈ ಮುಗಿತೇನಿ" ಎಂದರು. ಎಂದವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮುಖದಲ್ಲಿ ಬೆವರು ಇರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಮಾವಾರ, ನೀವು ಕೆಳಗ ಕುಂಡ್ರೂದು ಅಂದ್ರೇನು? ನಿಮ್ಮನ್ನೂ ದೇವರನ್ನೂ ಕೂಡೇ ನನ್ನ ಗಾಡಿಯೊಳಗ ಮ್ಯಾಲ ಮುಟ್ಟಸ್ತೇನಿ. ಗುಡ್ಡಕ್ಕ ಸಿಮೆಂಟ್ ರಸ್ತೆ ಆಗೇತಿ. ನಂದು ಹೈಬ್ರಿಡ್ ಐತಿ!"

ಮಾವ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದರು. "ಹೈಬ್ರಿಡ್ ಅಂದ್ರ ಜ್ವಾಳದಂಗ?"

"ಹಂಗ ಅಂತ ತಿಳೀರಿ."

"ಹೈಬ್ರಿಡ್ ಜ್ವಾಳದ ರೊಟ್ಟಿ ರುಚಿ ಇರೂದಿಲ್ಲಲ್ಲ ಅಳಿಯಂದ್ರ."

"ಇದು ರೊಟ್ಟಿ ಮಾಡೂದಲ್ರೀ ಮಾವಾರ, ಗುಡ್ಡ ಹತ್ತೂದು."

ಮಾವ ನಕ್ಕರು. ಆ ನಗು ನೋಡಿ ಕಸ್ತೂರಿ ಮೊದಲ ಸಲ ನನ್ನ ಗಾಡಿಯ ಬಾನೆಟ್ಟನ್ನು ಸೆರಗಿನಿಂದ ಒರೆಸಿದಳು. ಇನ್ನು ಹಿಂದೆ ಸರಿಯುವ ಮಾತೇ ಇರಲಿಲ್ಲ. ಆದರೆ ನಾನು ಸರಿದದ್ದೆಲ್ಲ ಹಿಂದಕ್ಕೇ!

ಅದು ಹೀಗಾಯಿತು. ಅಂದು ಸಂಜೆ ಬೀರಪ್ಪನ ಗುಡಿಗೆ ಹೋಗಿದ್ದೆ. ಆ ಗುಡಿಯಲ್ಲಿ ಕೈ ಮುಗಿದವರು ತಿರುಗಿ ನಡೆಯುವುದಿಲ್ಲ. ದೇವರ ಕಡೆ ಮುಖ ಇಟ್ಟುಕೊಂಡೇ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟು ಹೊಸ್ತಿಲು ದಾಟುತ್ತಾರೆ. ಯಾರೋ ಒಬ್ಬ ಗಡಿಬಿಡಿಯಲ್ಲಿ ತಿರುಗಿ ಹೊರಟದ್ದಕ್ಕೆ ಮಾವ, "ಲೇ, ದೇವರಿಗೆ ಬೆನ್ನ ಕೊಡಬ್ಯಾಡೋ!" ಎಂದು ಗದರಿಸಿದರು. ಗದರಿಸಿದ್ದು ಅವನನ್ನು. ಎದೆ ಝಲ್ಲೆಂದಿದ್ದು ನನಗೆ.

ಯಾಕೆಂದರೆ ನನ್ನ ತಲೆ ಲೆಕ್ಕ ಹಾಕತೊಡಗಿತು. ಗಾಡಿಯಲ್ಲಿ ಡ್ರೈವರ್ ಎಲ್ಲಿ ಕೂಡುತ್ತಾನೆ? ಮುಂದೆ. ದೇವರು ಎಲ್ಲಿ ಕೂಡುತ್ತಾನೆ? ಹಿಂದೆ. ಅಂದರೆ ಡ್ರೈವರಿನ ಬೆನ್ನು ಯಾರ ಕಡೆ? ಶಿವ ಶಿವಾ! ಹೊಸ್ತಿಲ ತನಕ ನಾಲ್ಕು ಹೆಜ್ಜೆ ಬೆನ್ನು ತೋರಿಸಿದವನಿಗೇ ಇಷ್ಟು ಬೈಗಳಾದರೆ, ಪೂಜಾರಿಯ ಅಳಿಯ ಇಡೀ ಗುಡ್ಡದುದ್ದಕ್ಕೂ ದೇವರಿಗೆ ಬೆನ್ನು ತೋರಿಸಿ ಕೂಡುವುದೆಂದರೇನು?

ಹತ್ತನೆಯ ತರಗತಿ ಪಾಸಾದ ಬುದ್ಧಿ ತಟ್ಟನೆ ಉಪಾಯ ಹೇಳಿತು. ಗಾಡಿಯನ್ನು ರಿವರ್ಸ್‌ನಲ್ಲಿ ಗುಡ್ಡ ಹತ್ತಿಸಬೇಕು. ದೇವರು ಮುಂದೆ ಹೋಗುತ್ತಾನೆ, ನಾನು ಹಿಂದಿನ ಗಾಜಿನಿಂದ ಅವನ ಕಡೆ ಮುಖ ಮಾಡಿಕೊಂಡು ಹಿಂದಿನಿಂದ ಹೋಗುತ್ತೇನೆ. ಭಕ್ತಿಗೆ ಭಕ್ತಿ, ಡ್ರೈವಿಂಗಿಗೆ ಡ್ರೈವಿಂಗ್!

ಮಾವನನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಇಷ್ಟು ಒಳ್ಳೆಯ ವಿಚಾರವನ್ನು ಮೊದಲೇ ಹೇಳಿದರೆ ಅದರ ರುಚಿ ಹೋಗುತ್ತದೆ ಎಂದು ಹೊಟ್ಟೆಯಲ್ಲೇ ಇಟ್ಟುಕೊಂಡೆ. ನನ್ನ ಜೀವನದಲ್ಲಿ ಕಲಿಸದೇ ಬಿಟ್ಟ ವಿಷಯ ಇದೊಂದೇ. ಅದನ್ನೇ ಹೇಳಬೇಕಾಗಿತ್ತು.

ಆ ದಿನ ಬಂತು. ಗಾಡಿ ತೊಳೆದು, ಚೆಂಡು ಹೂವಿನ ಹಾರ ಕಟ್ಟಿ, ಹಿಂದೆ ಕರಿ ಕಂಬಳಿ ಹಾಸಿ, ಬೀರಪ್ಪನ ಗುಡಿಯ ಮುಂದೆ ತಂದು ನಿಲ್ಲಿಸಿದೆ. ಗಾಡಿಯ ಹಿಂಭಾಗ ಗುಡ್ಡದ ಕಡೆ, ಮುಂಭಾಗ ಊರ ಕಡೆ. ನನ್ನ ಹೆಂಡತಿಯ ತಮ್ಮ ಹಾಲಪ್ಪ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತ. ಇವನು ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಹಚ್ಚಿಕೊಂಡು ಸಮೀರವಾಡಿ ಫ್ಯಾಕ್ಟರಿಗೆ ಹೋಗುವವನು. ಎರಡೂ ಟ್ರೇಲರ್ ಸಮೇತ ರಿವರ್ಸ್ ಹೊಡೆಯುತ್ತೇನೆಂದು ಅವನಿಗೆ ಬಹಳ ಗರ್ವ.

"ಮಾಮಾ, ಗಾಡಿ ಉಲ್ಟಾ ನಿಂತೈತಲ್ಲೋ?"

"ಉಲ್ಟಾ ಅಲ್ಲ. ಹಿಂಗ ಹೋಗೂದು."

"ಹಿಂಗಂದ್ರ? ಹಿಂದಕ?"

"ಹೈಬ್ರಿಡ್ ಐತೋ ಇದು. ನಿನ್ನ ಟ್ರ್ಯಾಕ್ಟರ್ ಅಲ್ಲ" ಎಂದೆ. ಅಷ್ಟು ಗಂಭೀರವಾಗಿ ಹೇಳಿದೆನೆಂದರೆ ಅವನು ಬಾಯಿ ಮುಚ್ಚಿದ. ಹಾಲಪ್ಪ ಬಾಯಿ ಮುಚ್ಚಿದ್ದನ್ನು ನಾನು ಆ ಮೊದಲು ನೋಡಿರಲಿಲ್ಲ. ಆಮೇಲೂ ನೋಡಿಲ್ಲ.

ಮಾವ ತಲೆಗೆ ಹಳದಿ ಪಟಗ ಸುತ್ತಿ, ಕೋಲು ಊರಿಕೊಂಡು ಬಂದರು. "ಅಳಿಯಂದ್ರ, ಗಾಡಿ ಮಾರಿ ಯಾವ ಕಡಿ ಇರತೈತಿ?"

"ಊರ ಕಡಿ ಮಾವಾರ. ಮ್ಯಾಲ ಮುಟ್ಟೂತನಕ."

"ಛಲೋ ಆತು, ದೇವರ ಮಾರಿನೂ ಊರ ಕಡಿನ ಇರಬೇಕು" ಎಂದು ಪಲ್ಲಕ್ಕಿಯನ್ನು ನನ್ನ ಕ್ಯಾಬಿನ್ನಿನ ಕಡೆ ಮುಖ ಮಾಡಿಸಿ ಕೂಡಿಸಿದರು. ಹಿಂದಿನ ಗಾಜಿನೊಳಗಿಂದ ಬೀರಪ್ಪ ಬೆಳ್ಳಿಯ ಕಣ್ಣು ಬಿಟ್ಟು ನೇರ ನನ್ನನ್ನೇ ನೋಡುತ್ತಿದ್ದ. ನನಗೆ ರೋಮಾಂಚನವಾಯಿತು. ನೋಡಿದಿರಾ, ದೇವರೂ ನನ್ನ ವಿಚಾರವನ್ನು ಒಪ್ಪಿದ!

ಮಾವ ಪಲ್ಲಕ್ಕಿಯ ಪಕ್ಕದಲ್ಲಿ ಕಂಬಳಿಯ ಮೇಲೆ ಕಾಲು ಚಾಚಿ ಕುಳಿತರು. ಕಸ್ತೂರಿ ನನ್ನ ಪಕ್ಕ ಹತ್ತಿದಳು. ಡೊಳ್ಳಿನವರು ಗಾಡಿಯ ಮುಂದೆ, ಅಂದರೆ ಹಿಂದೆ, ನಿಂತರು. ನಾನು ರಿವರ್ಸ್ ಹಾಕಿದೆ.

ಪೀಂ... ಪೀಂ... ಪೀಂ...

ರಿವರ್ಸ್ ಹಾಕಿದರೆ ಗಾಡಿ ಹೀಗೆ ಕೂಗುತ್ತದೆ. ನಿಲ್ಲಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಡೊಳ್ಳಿನವರು ಮೊದಲು ತಮ್ಮದೇ ಗತಿಯಲ್ಲಿ ಬಾರಿಸಿದರು. ಪೀಂ ಒಂದು ಕಡೆ, ಡೊಳ್ಳು ಒಂದು ಕಡೆ ಹೋಗಿ ಕಿವಿ ಕೆಟ್ಟವು. ಸ್ವಲ್ಪ ಹೊತ್ತಿನ ಮೇಲೆ ಡೊಳ್ಳಿನ ಹಿರಿಯನೇ ಸೋತು ಗಾಡಿಯ ತಾಳಕ್ಕೆ ಬಂದ. ಪೀಂ-ಧಡಂ, ಪೀಂ-ಧಡಂ! ಕೇಳಲು ಚೆನ್ನಾಗಿಯೇ ಇತ್ತು.

ನನ್ನ ಕಷ್ಟ ಬೇರೆ. ಹಿಂದಿನ ರಸ್ತೆ ತೋರಿಸಲು ಮುಂದೆ ಟಿ.ವಿ.ಯಂಥ ಪರದೆ ಇದೆ. ಆದರೆ ಪರದೆ ನೋಡಿದರೆ ದೇವರಿಗೆ ಬೆನ್ನು ಕೊಟ್ಟಂತೆ! ಹಾಗಾಗಿ ಕುತ್ತಿಗೆಯನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಗಾಜಿನೊಳಗಿಂದ ಬೀರಪ್ಪನ ಮುಖ ನೋಡುತ್ತ, ಅವನ ಕಿರೀಟದ ಆಚೆ ಈಚೆ ಕಾಣುವಷ್ಟು ರಸ್ತೆಯಲ್ಲಿ ಗಾಡಿ ಬಿಡುತ್ತಿದ್ದೆ.

"ಮುಂದ ನೋಡ್ರಿ! ಎಮ್ಮಿ ಐತಿ!" ಎಂದು ಕಸ್ತೂರಿ ಚೀರಿದಳು.

"ಮುಂದ ಅಂದ್ರ ಯಾವ ಕಡಿ?"

"ಎಮ್ಮಿ ಇರೂ ಕಡಿ!"

ಬ್ರೇಕ್ ಹಾಕಿದೆ. ಎಮ್ಮೆ ಗಾಡಿಯ ಹಿಂಭಾಗವನ್ನು, ದೇವರನ್ನು, ಪೂಜಾರಿಯನ್ನು ಸಾವಕಾಶ ನೋಡಿ, ಹೂವಿನ ಹಾರದಲ್ಲಿ ತನ್ನ ಪಾಲು ಕಿತ್ತುಕೊಂಡು ಹೋಯಿತು.

ಊರು ದಾಟಿದೆವು. ಗುಡ್ಡ ಬಂತು. ಗಾಡಿ ಚಕ್ಕನೆ ಏರತೊಡಗಿತು. ಇಂಜಿನ್ನಿನ ಸದ್ದಿಲ್ಲ, ಹೊಗೆಯಿಲ್ಲ. "ನೋಡು, ಹೆಂಗ ಹತ್ತೈತಿ!" ಎಂದು ಕಸ್ತೂರಿಗೆ ಹೇಳುವಷ್ಟರಲ್ಲಿ ಅರ್ಧ ಗುಡ್ಡದ ಬೇವಿನ ಗಿಡ ಬಂತು. ಅಲ್ಲಿಂದ ರಸ್ತೆ ಇನ್ನೂ ಕಡಿದಾಗುತ್ತದೆ. ಗಾಡಿ ಒಮ್ಮೆ ನಿಟ್ಟುಸಿರು ಬಿಟ್ಟಂತೆ ಮಾಡಿತು. ಆಕ್ಸಿಲರೇಟರ್ ಒತ್ತಿದೆ. ಇನ್ನೊಂದು ನಿಟ್ಟುಸಿರು. ಮತ್ತೂ ಒತ್ತಿದೆ. ಪರದೆಯ ಮೇಲೆ ಹಳದಿ ಬಣ್ಣದ ಆಮೆಯ ಚಿತ್ರ ಮೂಡಿತು. ಗಾಡಿ ನಿಂತಿತು!

ಹಾಲಪ್ಪ ಓಡಿ ಬಂದು ಕಿಟಕಿಯಲ್ಲಿ ತಲೆ ಹಾಕಿದ. "ಏನಾತೋ ಮಾಮಾ?"

"ಆಮಿ ಬಂದೈತಿ."

ಈ ಸುದ್ದಿ ಡೊಳ್ಳಿನವರಿಗೆ ಹೋಯಿತು. ಗುಡಿಗಳ ನೆಲದಲ್ಲಿ ಆಮೆ ಕೆತ್ತಿರುತ್ತಾರಲ್ಲ, ನಮ್ಮ ಕಡೆ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಒಳಗೆ ಹೋಗುವುದು. ಗಾಡಿಯೊಳಗೆ ಆಮೆ ಕಾಣಿಸಿಕೊಂಡಿತು ಎಂದ ಕೂಡಲೇ ಡೊಳ್ಳಿನ ಹಿರಿಯ ಬಂದು ಪರದೆಗೆ ಭಂಡಾರ ಹಚ್ಚಿ ಕೈ ಮುಗಿದ. ಆಮೆ ಹಳದಿಯಿಂದ ಕೆಂಪಾಯಿತು.

"ಶುಭಾನ ಇದು!" ಎಂದ ಹಿರಿಯ.

ಅದು ಬ್ಯಾಟರಿ ಖಾಲಿಯಾದ ಗುರುತು ಎಂದು ನನಗೊಬ್ಬನಿಗೇ ಗೊತ್ತಿತ್ತು. ಆದರೆ ನಾನು ಧೈರ್ಯಗೆಡಲಿಲ್ಲ. ಈ ಗಾಡಿ ಇಳಿಜಾರಿನಲ್ಲಿ ಇಳಿಯುವಾಗ ತಾನೇ ಬ್ಯಾಟರಿ ತುಂಬಿಕೊಳ್ಳುತ್ತದೆ ಎಂದು ಷೋರೂಮಿನವನು ಹೇಳಿದ್ದ. ಎಲ್ಲರನ್ನೂ ಕರೆದು, "ಈಗ ಕೆಳಗ ಇಳಿತೇವಿ. ಇಳದ್ರ ಕರೆಂಟ್ ತುಂಬತೈತಿ. ತುಂಬಿದ ಮ್ಯಾಲ ಹತ್ತತೇವಿ" ಎಂದು ಬೋಧಿಸಿದೆ.

"ಹತ್ತಾಕ ಇಳಿಯೂದಾ?" ಎಂದ ಹಾಲಪ್ಪ.

"ವಿಜ್ಞಾನ ಐತೋ ಅದು."

ಇಳಿದೆವು. ಮುಂದಕ್ಕೆ ಇಳಿಯುವಾಗ ಬೆನ್ನು ದೇವರ ಕಡೆ ಆಯಿತೆಂದು ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡೆ, ಗಾಡಿ ಮಾತ್ರ ಹೂವಿನಂತೆ ಹೋಯಿತು. ಬ್ಯಾಟರಿಯ ಗೀಟು ನಿಜವಾಗಿಯೂ ಸ್ವಲ್ಪ ಏರಿತು! ನಾನು ಕಸ್ತೂರಿಗೆ ಬೆರಳು ಮಾಡಿ ತೋರಿಸಿದೆ. ಬುಡ ಮುಟ್ಟಿ ಮತ್ತೆ ರಿವರ್ಸ್ ಹಾಕಿದೆ. ಪೀಂ-ಧಡಂ, ಪೀಂ-ಧಡಂ. ಬೇವಿನ ಗಿಡ ಇನ್ನೂ ದೂರ ಇರುವಾಗಲೇ ಆಮೆ. ಮತ್ತೆ ಇಳಿದೆವು. ಮತ್ತೆ ಹತ್ತಿದೆವು. ಈ ಸಲ ನಾನು ಎ.ಸಿ. ಆರಿಸಿದೆ, ಕಸ್ತೂರಿಯನ್ನು ಇಳಿಸಿದೆ.

"ನಾ ಅಷ್ಟ ಭಾರ ಆದ್ನೇನ್ರಿ?" ಎಂದಳು.

"ಬ್ಯಾಟರಿಗೆ ಹೇಳಿದ್ದು."

"ಬ್ಯಾಟರಿ ಬಾಯಿ ಬಿಟ್ಟು ಹೇಳ್ಲಿ!"

ಬ್ಯಾಟರಿ ಬಾಯಿ ಬಿಡಲಿಲ್ಲ. ಹೆಂಡತಿಯ ಸಿಟ್ಟನ್ನು ಕಟ್ಟಿಕೊಂಡು ಹೇಗೋ ಬೇವಿನ ಗಿಡ ಮುಟ್ಟಿದೆ. ಅಲ್ಲಿ ಆಮೆ ನನಗಾಗಿ ಕಾದು ಕುಳಿತಿತ್ತು. ಬೀರಪ್ಪ ಅಂದು ಅಕ್ಕನ ಮನೆಗೆ ಹೊರಟವನು ಉಯ್ಯಾಲೆ ಆಡತೊಡಗಿದ್ದ. ಪ್ರತಿ ಸಲವೂ ಗಾಜಿನೊಳಗಿಂದ ಆ ಬೆಳ್ಳಿಯ ಕಣ್ಣು ನನ್ನನ್ನು ನೋಡುತ್ತಿತ್ತು. ಮೊದಲು ಅದು ಮೆಚ್ಚುಗೆಯ ನೋಟ ಎಂದುಕೊಂಡಿದ್ದೆ. ಈಗ ಹಾಗೆ ಕಾಣಲಿಲ್ಲ.

ಷೋರೂಮಿಗೆ ಫೋನ್ ಮಾಡಿದೆ. ಅದೇ ಟೈ ಹುಡುಗ ಎತ್ತಿದ. ಸಂಗತಿ ಹೇಳಿದೆ.

"ಸರ್, ಹಿಂದಕ್ಕೆ ಹೋಗುವಾಗ ಇಂಜಿನ್ ಸಹಾಯ ಮಾಡುವುದಿಲ್ಲ. ಬರೀ ಬ್ಯಾಟರಿ ಮೇಲೆ ಹೋಗುತ್ತದೆ. ಪಾರ್ಕಿಂಗಿಗೆ ಅಷ್ಟು ಸಾಕಲ್ಲ ಸರ್."

"ಗುಡ್ಡ?"

"ಗುಡ್ಡವನ್ನು ಯಾರೂ ರಿವರ್ಸ್‌ನಲ್ಲಿ ಹತ್ತುವುದಿಲ್ಲ ಸರ್. ನೀವು ಯಾಕೆ ಹತ್ತುತ್ತಿದ್ದೀರಿ?"

"ದೇವರಿಗೆ ಬೆನ್ನು ತೋರಿಸಬಾರದಲ್ಲ, ಅದಕ್ಕೆ."

ಆ ಕಡೆ ಕಾಗದ ಮಗುಚಿದ ಸಪ್ಪಳ ಕೇಳಿತು. ಆಮೇಲೆ ಅವನು ಮೆಲ್ಲಗೆ, "ಸರ್, ಅದು ವಾರಂಟಿಯಲ್ಲಿ ಬರುವುದಿಲ್ಲ" ಎಂದ.

ಕೂಡು ಕುಟುಂಬದಲ್ಲಿ ಒಬ್ಬ ಅಣ್ಣ ಇರುತ್ತಾನಲ್ಲ, ಮುಂದೆ ನಡೆಯುವ ಕೆಲಸಕ್ಕೆಲ್ಲ ಎದೆ ಕೊಡುತ್ತಾನೆ, ಹಿಂದೆ ಉಳಿದ ಕೆಲಸ ಬಂದರೆ ಕೈ ಕಟ್ಟಿ ಕೂಡುತ್ತಾನೆ. ನನ್ನ ಗಾಡಿಯ ಇಂಜಿನ್ ಆ ಅಣ್ಣ. ಹಿಂದಕ್ಕೆ ಹೋಗುವಾಗ ಬ್ಯಾಟರಿ ಎಂಬ ಸಣ್ಣ ತಮ್ಮ ಒಬ್ಬನೇ ದೇವರನ್ನೂ, ಮಾವನನ್ನೂ, ನನ್ನ ಹಟವನ್ನೂ ಎಳೆಯುತ್ತಿದ್ದ.

ಹೊತ್ತು ಇಳಿಯುತ್ತಿತ್ತು. ಕೆಳಗೆ ಕಬ್ಬಿನ ಹೊಲಗಳ ಮೇಲೆ ಬಿಸಿಲು ಕೆಂಪಾಗಿತ್ತು. ಅಷ್ಟರಲ್ಲಿ ಹಿಂದೆ ಕಂಬಳಿ ಸರಿದ ಸಪ್ಪಳವಾಯಿತು. ನೋಡಿದರೆ ಮಾವ ಕೋಲು ಹಿಡಿದು ಗಾಡಿಯಿಂದ ಇಳಿಯುತ್ತಿದ್ದಾರೆ.

"ಮಾವಾರ! ಏನ್ ಮಾಡಾಕತ್ತೀರಿ?"

"ದೀಪ ಹಚ್ಚೂ ಹೊತ್ತ ಆಗಾಕ ಬಂತು ಅಳಿಯಂದ್ರ. ಹುಡುಗುರು ಪಲ್ಲಕ್ಕಿ ಹೊರ್ಲಿ. ನಾ ಸಾವಕಾಶ ನಡಿತೇನಿ. ನೀವೇನ ಮನಸಿಗಿ ಹಚಗೋಬ್ಯಾಡ್ರಿ. ನಿಮ್ಮ ಗಾಡಿ ಛಲೋ ಐತಿ."

ಆ ಕೊನೆಯ ಮಾತು ನನ್ನ ಎದೆಗೆ ನಾಟಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೊದಲ ಹೆಜ್ಜೆಗೇ ಮಾವನ ಮೊಣಕಾಲು ನಡುಗಿತು. ಕಸ್ತೂರಿ ಓಡಿ ಬಂದು ತೋಳು ಹಿಡಿದಳು. ಅಪ್ಪನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೆಗಿಂತ ಕೆಂಪಾಗಿತ್ತು ಅವಳ ಕಣ್ಣು.

ಆಗಲೇ ಮೇಲಿನಿಂದ ಯಾರೋ ಬರಬರ ಇಳಿದು ಬರುತ್ತಿರುವುದು ಕಂಡಿತು. ಮಾಯವ್ವನ ಗುಡಿ ನೋಡಿಕೊಳ್ಳುವ ಲಗಮವ್ವ ಆಯಿ! ವಯಸ್ಸಿನಲ್ಲಿ ಮಾವನಿಗಿಂತ ದೊಡ್ಡವಳು, ಆದರೆ ಗುಡ್ಡದ ಆಡಿನಂತೆ ನಡೆಯುತ್ತಾಳೆ. ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದು ಕೈಯಲ್ಲಿ ಬಟ್ಟೆ ಮುಚ್ಚಿದ ಹೋಳಿಗೆಯ ತಾಟು. ಬಂದವಳೇ ನಮ್ಮನ್ನು ಯಾರನ್ನೂ ನೋಡದೆ ಎರಡನ್ನೂ ಪಲ್ಲಕ್ಕಿಯ ಮುಂದೆ ಇಟ್ಟು ಕೈ ಮುಗಿದು ನಿಂತಳು.

"ತಮ್ಮಾ, ಏನ್ ತಪ್ಪಾತೋ ನಮ್ಮಿಂದ? ಗಿಡದ ತನಕ ಬರ್ತಿ, ಹೊಳ್ಳಿ ಹೋಗ್ತಿ. ಬರ್ತಿ, ಹೋಗ್ತಿ. ಅಕ್ಕನ ಮ್ಯಾಲ ಇಷ್ಟ ಸಿಟ್ಟ ಮಾಡೂದೇನೋ? ಹೋದ ವರ್ಷ ಹೋಳಿಗಿಗಿ ತುಪ್ಪ ಕಡಿಮಿ ಆಗಿತ್ತು, ಖರೆ. ಈ ಸಲ ಜಾಸ್ತಿ ಹಾಕೇನಿ, ಬಾರೋ ನಮ್ಮಪ್ಪ!"

ಗುಡ್ಡದ ಮೇಲೆ ನಿಂತು ನೋಡಿದವರೆಲ್ಲ ತಮ್ಮ ಮುನಿಸಿಕೊಂಡಿದ್ದಾನೆ ಎಂದೇ ತಿಳಿದು ಗಾಬರಿಯಾಗಿದ್ದರಂತೆ! ನನ್ನ ಬ್ಯಾಟರಿಯ ಸಲುವಾಗಿ ಅಕ್ಕ-ತಮ್ಮಂದಿರ ನಡುವೆ ಜಗಳ ಬಂದಿತ್ತು.

"ದೇವರಿಗೇನ ಸಿಟ್ಟಿಲ್ಲ ಬೇ ಲಗಮವ್ವ" ಎಂದರು ಮಾವ. "ಗಾಡಿ ಹತ್ತವಲ್ದು."

ಆಯಿ ಗಾಡಿಯನ್ನು ಈ ತುದಿಯಿಂದ ಆ ತುದಿ ನೋಡಿದಳು. "ಹೆಂಗ ಹತ್ತೀತು? ಮಾರಿ ಕೆಳಗ ಮಾಡಿ ನಿಂತೈತಿ. ನೀ ಏನ ಹಿಂದಕ ನಡದ ಗುಡ್ಡ ಹತ್ತತೀಯೇನ?"

"ಅದರ ಪದ್ಧತಿನ ಹಂಗೈತಿ. ಹೈಬ್ರಿಡ್" ಎಂದರು ಮಾವ, ಬಹಳ ತಿಳಿದವರಂತೆ.

ನನ್ನ ಕಿವಿಯಲ್ಲಿ ಪೀಂ ಎಂದಿತು. ಈ ಸಲ ಗಾಡಿಯದಲ್ಲ.

"ಮಾವಾರ, ಪದ್ಧತಿ ಗಾಡೀದಲ್ಲ. ನಿಮ್ದಲ್ಲೇನ್ರಿ? ದೇವರಿಗೆ ಬೆನ್ನ ಕೊಡಬಾರದು ಅಂತ..."

"ಅದು ಗುಡಿಯೊಳಗ!" ಮಾವ ಕಣ್ಣು ಅಗಲಿಸಿದರು. "ಹಾದಿಯೊಳಗ ಹೆಂಗ ಸಾಧ್ಯ ಐತಿ? ಮೊದಲ ನಮ್ಮ ಅಪ್ಪ ದೇವರನ್ನ ಎತ್ತಿನ ಗಾಡಿಯೊಳಗ ತರ್ತಿದ್ದ. ಗಾಡಿ ಹೊಡ್ಯಾವ ಎತ್ತಿನ ಕಡಿ ನೋಡಬೇಕೋ, ದೇವರ ಕಡಿ ನೋಡಬೇಕೋ? ನಮ್ಮ ದೇವರು ಅಕ್ಕನ ಮನಿ ಮುಟ್ಟೂತನಕ ಊರ ಕಡಿನ ಮಾರಿ ಮಾಡಿರ್ತಾನ, ಮಕ್ಕಳ ಮ್ಯಾಲ ಕಣ್ಣ ಇಟಗೊಂಡ. ಗಾಡಿ ಹೊಡ್ಯಾವ ಗುಡ್ಡದ ಕಡಿ ನೋಡ್ತಾನ. ಅವನ ಬೆನ್ನಿಗೆ ಇವನ ಬೆನ್ನು. ಯಾರಿಗೂ ಅಪಮಾನ ಇಲ್ಲ."

"ಮತ್ತ ನಾ ಹಿಂದಕ ಹೊಂಟಾಗ ಯಾಕ ಹೇಳಲಿಲ್ರಿ?"

"ಹೊಸಾ ಗಾಡಿ. ಅಳಿಯಂದ್ರು ಸಾಲಿ ಕಲ್ತಾವ್ರು. ಇದು ಹಿಂಗ ಹತ್ತತೈತಿ ಅಂದ್ರ ನಾ ಅಲ್ಲ ಅನ್ನಾಕ ಆಗತೈತೇನ್ರಿ?"

ಮಾವನ ಪದ್ಧತಿ ಎಂದು ನಾನು, ಗಾಡಿಯ ಪದ್ಧತಿ ಎಂದು ಮಾವ, ಇಬ್ಬರೂ ಒಬ್ಬರ ಮರ್ಯಾದೆ ಒಬ್ಬರು ಕಾಯುತ್ತ ದೇವರನ್ನು ಅರ್ಧ ಗುಡ್ಡದಲ್ಲಿ ತೂಗಾಡಿಸಿದ್ದೆವು. ಮೊದಲು ನಕ್ಕವನು ಹಾಲಪ್ಪ. ಅವನು ನಕ್ಕ ರಭಸಕ್ಕೆ ಡೊಳ್ಳಿನವರು ಮೇಳವೇ ಶುರುವಾಯಿತೇನೋ ಎಂದು ಕೋಲು ಎತ್ತಿದರು.

"ನಗೂದ ಆಮ್ಯಾಲ!" ಎಂದು ಕಸ್ತೂರಿ ಗುಡುಗಿದಳು. "ಹೊತ್ತ ಮುಣಗಾಕತ್ತೈತಿ. ಗಾಡಿ ಹೊಳ್ಳಸ್ರಿ!"

ಬೇವಿನ ಗಿಡದ ಬುಡದಲ್ಲಿ ಜಾಗವಿತ್ತು. ಹಾಲಪ್ಪ ದಾರಿ ತೋರಿಸಿದ, ಗಾಡಿ ತಿರುಗಿಸಿದೆ. ಮಾವ ಮತ್ತೆ ಹತ್ತಿ ಕುಳಿತು ಪಲ್ಲಕ್ಕಿಯನ್ನೂ ತಿರುಗಿಸಿದರು. ಬೀರಪ್ಪನ ಮುಖ ಮತ್ತೆ ಊರ ಕಡೆ, ಬೆನ್ನು ನನ್ನ ಕಡೆ. ಸತ್ಯ ಹೇಳುತ್ತೇನೆ, ಆ ಬೆಳ್ಳಿಯ ಕಣ್ಣು ತಪ್ಪಿದ್ದೇ ನನಗೆ ಜೀವ ಬಂದಂತಾಯಿತು. ಲಗಮವ್ವ ಆಯಿ ಹೋಳಿಗೆಯ ತಾಟಿನ ಸಮೇತ ಹಿಂದೆ ಹತ್ತಿದಳು. ಕಸ್ತೂರಿ ಕೇಳದೇ ಬಂದು ಮುಂದೆ ಕುಳಿತಳು. "ಈಗ ನಾ ಭಾರ ಆಗೂದಿಲ್ಲ?" ಎಂದಳು. ಉತ್ತರ ಕೊಡುವಷ್ಟು ಮೂರ್ಖ ನಾನಲ್ಲ. ಮುಂದಿನ ಗೇರ್ ಹಾಕಿದೆ.

ಇಂಜಿನ್ ಎಂಬ ಆ ಅಣ್ಣ ಎದ್ದು ಪಂಚೆ ಕಟ್ಟಿ ಹೆಗಲು ಕೊಟ್ಟ ನೋಡಿ! ನಾಲ್ಕೂ ಗಾಲಿ ನೆಲ ಕಚ್ಚಿದವು. ಡೊಳ್ಳಿನವರು ಓಡಿ ಓಡಿ ಹಿಂದೆ ಬಿದ್ದರು. ಕುಡಿಯಲು ತಂದ ಚಹಾ ಆರುವಷ್ಟೂ ಹೊತ್ತು ಹಿಡಿಯಲಿಲ್ಲ, ಮಾಯವ್ವನ ಗುಡಿಯ ಅಂಗಳದಲ್ಲಿದ್ದೆವು. ಒಳಗೆ ಒಬ್ಬಾಕೆ ದೀಪಕ್ಕೆ ಎಣ್ಣೆ ಹಾಕಿ ಬತ್ತಿ ಹೊಸೆಯುತ್ತಿದ್ದಳು. ಕಡ್ಡಿ ಗೀರಿರಲಿಲ್ಲ.

ಹುಡುಗರು ಪಲ್ಲಕ್ಕಿ ಇಳಿಸಿದರು. ಮಾವ ಕೋಲು ಬಿಟ್ಟು, ಒಂದು ಕೈ ಪಲ್ಲಕ್ಕಿಯ ಮೇಲೆ ಇಟ್ಟುಕೊಂಡು ಹೊಸ್ತಿಲು ದಾಟಿದರು. "ಅಕ್ಕಾ, ನಿನ್ನ ತಮ್ಮ ಬಂದಾನ. ನಾನೂ ಬಂದೇನಿ" ಎಂದು ಭಂಡಾರ ತೂರಿದರು. ಆ ಹಳದಿಯಲ್ಲಿ ಅವರ ಮುಖ ಕಾಣಲಿಲ್ಲ. ಧ್ವನಿ ಮಾತ್ರ ಕೇಳಿಸಿತು. ಆಗ ಕಸ್ತೂರಿ ಸೆರಗಿನ ಮರೆಯಲ್ಲಿ ನನ್ನ ಕೈ ಹಿಡಿದಳು.

ಇಲ್ಲಿಗೇ ನಿಲ್ಲಿಸಿದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಎಲ್ಲರೂ ಕೈ ಮುಗಿದು ನಿಂತಾಗ ನನಗೊಂದು ಸಂಗತಿ ಗೊತ್ತಾಯಿತು. ನನ್ನ ಕುತ್ತಿಗೆ ತಿರುಗುತ್ತಿಲ್ಲ! ಮಧ್ಯಾಹ್ನದಿಂದ ದೇವರನ್ನು ನೋಡಲೆಂದು ಎಡಕ್ಕೆ ತಿರುಗಿಸಿ ತಿರುಗಿಸಿ, ಮೇಲೆ ಬಂದು ಇಳಿಯುವಷ್ಟರಲ್ಲಿ ಅದು ಎಡಕ್ಕೇ ಹಿಡಿದುಕೊಂಡಿತ್ತು. ಎದೆ ಮಾಯವ್ವನ ಕಡೆ, ಕೈ ಮಾಯವ್ವನ ಕಡೆ, ಮುಖ ಮಾತ್ರ ಚಪ್ಪಲಿ ಬಿಡುವ ಜಾಗದ ಕಡೆ. ದೇವರಿಗೆ ಬೆನ್ನು ತೋರಿಸಬಾರದೆಂದು ಇಷ್ಟು ಮಾಡಿದವನು, ಕೊನೆಗೆ ದೇವಿಯ ಎದುರು ನಿಂತು ಹಾಲಪ್ಪನ ಹರಿದ ಚಪ್ಪಲಿಯ ದರ್ಶನ ಮಾಡಿದೆ.

"ಏ ಅಳಿಯಾ, ದೇವಿ ಈ ಕಡಿ ಅದಾಳೋ!" ಎಂದಳು ಲಗಮವ್ವ ಆಯಿ.

"ಇರ್ಲಿ ಬಿಡ ಆಯಿ" ಎಂದ ಹಾಲಪ್ಪ, "ಮಾಮಾನೂ ಹೈಬ್ರಿಡ್ ಅದಾನ."

ಮಾವ ನನ್ನ ಕುತ್ತಿಗೆಗೆ ಭಂಡಾರ ತಿಕ್ಕಿದರು. ತಿಕ್ಕುತ್ತ ಕಿವಿಯ ಹತ್ತಿರ ಬಗ್ಗಿ, "ಅಳಿಯಂದ್ರ, ನಿಮ್ಮ ಗಾಡಿ ಹೈಬ್ರಿಡ್ ಜ್ವಾಳಾನ ನೋಡ್ರಿ. ಮುಂದ ತೆನಿ ಭರ್ತಿ ಐತಿ. ಹಿಂದ ದನಕ್ಕ ಹಾಕಾಕ ಕಣಕಿ ಇಲ್ಲ" ಎಂದರು. ಅಂದು ರಾತ್ರಿ ಬನಹಟ್ಟಿಗೆ ವಾಪಸು ಬರುವಾಗ ಗಾಡಿಯನ್ನು ಹಾಲಪ್ಪ ಓಡಿಸಿದ. ನಾನು ಪಕ್ಕದಲ್ಲಿ ಕುಳಿತು, ದಾರಿಯುದ್ದಕ್ಕೂ ಅವನ ಕಡೆ ತಿರುಗಲಾಗದೆ, ಮುಂದಿನ ರಸ್ತೆಯನ್ನೂ ನೋಡಲಾಗದೆ, ಹಿಂದಿನ ಖಾಲಿ ಕಂಬಳಿಯನ್ನು ನೋಡುತ್ತ ಬಂದೆ.

ಈ ಮಾತು ಇಲ್ಲಿಗೆ ಮರೆತುಹೋಗುತ್ತದೆ ಎಂದುಕೊಂಡಿದ್ದೆ. ಮೊನ್ನೆ ಮಾವನ ಫೋನ್ ಬಂತು.

"ಅಳಿಯಂದ್ರ, ಅಕ್ಕನ ಮನಿ ಊಟ ಬಂತು. ಗಾಡಿ ತಗೊಂಡ ಬರ್ರಿ."

ನನ್ನ ಎದೆ ಉಬ್ಬಿತು. "ಬರ್ತೇನ್ರಿ ಮಾವಾರ! ಈ ಸಲ ಮುಂದಕ, ಒಂದ ಹೊಡತಕ್ಕ ಮ್ಯಾಲ!"

"ಹಂಗ ಮಾಡಬ್ಯಾಡ್ರಿ!" ಮಾವನ ಧ್ವನಿಯಲ್ಲಿ ಗಾಬರಿಯಿತ್ತು. "ಹಿರ್ಯಾರು ಕೂಡಿ ಮಾತಾಡ್ಯಾರ. ಹೋದ ವರ್ಷ ದೇವರು ಗಿಡದ ತನಕ ಬಂದ ಬಂದ ಹೊಳ್ಳಿ ಹೋದ. ಅಕ್ಕ ತುಪ್ಪದ ಹೋಳಿಗಿ ತಂದ ಕರದ ಮ್ಯಾಲ ಸಿಟ್ಟ ಇಳಿಸಿಗೊಂಡ ಹತ್ತಿದ. ಬೆಳಿ ಛಲೋ ಬಂತು. ಹಿಂಗಾಗಿ ಈ ಸಲನೂ ಹಂಗ ಆಗಬೇಕಂತ. ಲಗಮವ್ವ ಆಗಲೇ ತುಪ್ಪ ಕಾಸಿ ಇಟ್ಟಾಳ. ಗಿಡದ ತನಕ ನೀವು ಹಿಂದಕನ ಬರಬೇಕು."

"ಮಾವಾರ, ಅದು ಬ್ಯಾಟರಿ ಖಾಲಿ ಆಗಿದ್ದಕ್ಕ..."

"ಮತ್ತ ಡೊಳ್ಳಿನವರೂ ಹೇಳ್ಯಾರ. ಆ ಪೀಂ ಪೀಂ ಇಲ್ಲಂದ್ರ ಅವರಿಗಿ ತಾಳ ಸಿಗವಲ್ದಂತ."

ಫೋನ್ ಇಟ್ಟು ಕಸ್ತೂರಿಗೆ ಹೇಳಿದೆ. ನಾಲ್ಕೂ ಗಾಲಿ ತಿರುಗುವ, ಗೋಡೆ ಹತ್ತುವ ಗಾಡಿ ಇದ್ದರೂ ಊರಿಗೆ ಬೇಕಾದದ್ದು ಅದು ನಿಂತುಹೋಗುವುದು ಮತ್ತು ಕೂಗುವುದು, ಇವೆರಡೇ! ಅವಳು ನಗಲಿಲ್ಲ. ಒಳಗೆ ಹೋಗಿ ಎಳ್ಳೆಣ್ಣೆಯ ಬಟ್ಟಲು ಬಿಸಿ ಮಾಡಿ ತಂದು ನನ್ನ ಹಿಂದೆ ಕುಳಿತಳು.

"ಬರ್ರಿ, ಕುತಗಿ ಇತ್ತ ಕೊಡ್ರಿ. ಈಗಿಂದನ ತಿಕ್ಕಿದ್ರ ಆ ಹೊತ್ತಿಗೆ ತಯಾರ ಆಕ್ಕೈತಿ" ಎಂದಳು.

ಕುತ್ತಿಗೆ ಕೊಟ್ಟು ಕುಳಿತಿದ್ದೇನೆ.